ಡಬ್ಬಿಯಲ್ಲಿಟ್ಟ ಪಾಲು

ಕ್ರಿಸ್ಮಸ್ ಅಡುಗೆಯನ್ನು ಕ್ರಿಸ್ಮಸ್ ದಿನವೇ ಮಾಡುವವರನ್ನು ಕಂಡರೆ ನನಗೆ ಈಗಲೂ ಅಯ್ಯೋ ಪಾಪ ಅನಿಸುತ್ತದೆ. ಹಬ್ಬದ ಬೆಳಿಗ್ಗೆ ಈರುಳ್ಳಿ ಸುಲಿಯುತ್ತಾ ಕೂತರೆ ಹಬ್ಬ ಯಾರಿಗೆ, ಈರುಳ್ಳಿಗೋ? ಕುವೈತಿನಲ್ಲಿ ನರ್ಸ್ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಆ ಹುಚ್ಚಾಟ ಆಡಿದವಳೇ. ಡ್ಯೂಟಿ ಮುಗಿಸಿ ಬಂದು, ಗುರುತಿನವರನ್ನೆಲ್ಲ ಊಟಕ್ಕೆ ಕರೆದು, ಮಾಂಸಕ್ಕೆ ಎರಡೆರಡು ಸಲ ಉಪ್ಪು ಹಾಕಿ, ಕೊನೆಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದೆ. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಮುಂದೆ ಎಲ್ಲ ಮೊದಲೇ.

ನಮ್ಮ ಮಂಗಳೂರಿನ ಕ್ರಿಸ್ತುವರ ಅಡುಗೆ ಇದಕ್ಕೆ ಹೇಳಿ ಮಾಡಿಸಿದ್ದು. ಬಫಾತ್ ಎನ್ನುವ ನಮ್ಮ ಖಾರದ ಮಸಾಲೆ ಪುಡಿ, ವಿನೆಗರ್ ಹಾಕಿದ ಮಾಂಸ ಮಾಡಿದ ದಿನಕ್ಕಿಂತ ನಾಲ್ಕು ದಿನ ಬಿಟ್ಟು ತಿಂದರೇ ರುಚಿ. ನನ್ನ ಅಮ್ಮನ ಕಾಲದಲ್ಲಿ ಫ್ರಿಜ್ ಎಲ್ಲಿತ್ತು? ಮಣ್ಣಿನ ಮಡಕೆಯಲ್ಲೇ ಇಟ್ಟು ದಿನಕ್ಕೊಂದು ಸಲ ಕುದಿಸುತ್ತಿದ್ದರು, ಅದು ಕೆಡುತ್ತಲೇ ಇರಲಿಲ್ಲ. ಊರಿನಲ್ಲಿ ಇದನ್ನು ಮಾಡುವುದು ಹಂದಿ ಮಾಂಸದಲ್ಲಿ, ಕುವೈತಿನಲ್ಲಿ ಅದು ಕನಸಿನ ಮಾತು. ಹಾಗಾಗಿ ನಾನು ಕುರಿ ಮಾಂಸಕ್ಕೇ ಅದೇ ಮಸಾಲೆ ಅರೆದು ಹಾಕಿ, ಹಬ್ಬ ಇನ್ನೂ ದೂರ ಇರುವಾಗಲೇ ಮಾಡಿ ಡೀಪ್ ಫ್ರೀಜರಿಗೆ ತಳ್ಳುತ್ತಿದ್ದೆ. ಹಬ್ಬದ ದಿನ ಡ್ಯೂಟಿ ಬಿದ್ದರೂ ತಲೆಬಿಸಿ ಇಲ್ಲ. ಬಂದು ಒಲೆ ಹಚ್ಚಿದರೆ ಸಾಕು.

“ನಿನ್ನನ್ನು ಹೀಗೇ ಬಿಟ್ಟರೆ ಈಸ್ಟರಿನ ಅಡುಗೆಯನ್ನೂ ಈಗಲೇ ಮಾಡಿ ಇಡ್ತಿ ಮಾರಾಯ್ತಿ,” ಎಂದು ಗಂಡ ತಮಾಷೆ ಮಾಡುತ್ತಿದ್ದರು. ಅವರು ಶುವೈಖ್‌ನಲ್ಲಿ ಗಾಡಿಗಳ ಬಿಡಿಭಾಗ ಮಾರುವ ಕಂಪನಿಯೊಂದರ ಗೋದಾಮು ನೋಡಿಕೊಳ್ಳುತ್ತಿದ್ದರು. ಮಗಳಿಗೆ ಆಗ ಏಳು ವರ್ಷ. ಅಬು ಹಲೀಫಾದ ನಮ್ಮ ಫ್ಲ್ಯಾಟಿನಲ್ಲಿ ಮಾತೆಲ್ಲ ನಮ್ಮದೇ ಭಾಷೆಯಲ್ಲಿ, ಅವಳ ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಗೋದಾಮು ಕೆಲವೇ ದಿನಗಳಲ್ಲಿ ಬರಿದಾಯಿತು. ಟೈರು, ಬ್ಯಾಟರಿ, ಕೊನೆಗೆ ಬಾಗಿಲನ್ನೂ ಬಿಡಲಿಲ್ಲ. ಗಂಡನಿಗೆ ಕೆಲಸವೂ ಇಲ್ಲ, ಸಂಬಳವೂ ಇಲ್ಲ. ನಮ್ಮ ಊರಿನ ಕಡೆಯವರೆಲ್ಲ ದೇಶಕ್ಕೆ ಮರಳಲು ಬಸ್ಸು ಹತ್ತತೊಡಗಿದರು. ಬಾಗ್ದಾದ್ ದಾಟಿ, ಜೋರ್ಡಾನಿನ ಮರುಭೂಮಿಯಲ್ಲಿ ಡೇರೆ ಹಾಕಿ ಕಾದು, ಅಲ್ಲಿಂದ ವಿಮಾನ. ನಾನು ಮಾತ್ರ ಹೊರಡುವ ಹಾಗಿರಲಿಲ್ಲ. ವಾರ್ಡಿನಲ್ಲಿ ಉಳಿದ ನರ್ಸುಗಳೇ ಬೆರಳೆಣಿಕೆಯಷ್ಟು. ಆಸ್ಪತ್ರೆಯ ಗೇಟಿನಲ್ಲಿ ಬಂದೂಕು ಹಿಡಿದು ನಿಂತವನು, “ಸಿಸ್ಟರ್, ಮಾಫಿ ಸಫರ್,” ಅನ್ನುತ್ತಿದ್ದ. ನಿಮಗೆ ಪ್ರಯಾಣ ಇಲ್ಲ, ಅಷ್ಟೇ. ನನ್ನ ಪಾಸ್‌ಪೋರ್ಟ್ ಆಫೀಸಿನ ಕಪಾಟಿನಲ್ಲಿ, ಕಪಾಟಿನ ಬೀಗದ ಕೈ ರಜೆಗೆ ವಿದೇಶಕ್ಕೆ ಹೋದ ಆಸ್ಪತ್ರೆಯ ಅಧಿಕಾರಿಯ ಜೇಬಿನಲ್ಲಿ. ಯಾರ ಹತ್ತಿರ ಜಗಳ ಆಡುವುದು? ಜಗಳದಲ್ಲಿ ನಾನು ಕಡಿಮೆಯವಳಲ್ಲ, ಆದರೆ ಬಂದೂಕಿನ ಎದುರು ಎಂತ ಮಾಡುವುದು?

ಮಗಳನ್ನು ಕರೆದುಕೊಂಡು ಗಂಡ ಹೊರಡುವುದೆಂದಾಯಿತು. ಫ್ರೀಜರಿನಲ್ಲಿ ಮಾಂಸ ಇತ್ತು. ನನಗೆ ಕೈ ಸುಮ್ಮನೆ ಇಟ್ಟುಕೊಂಡು ಕೂರಲು ಆಗದು. ಅವರು ಹೊರಡುವ ಹಿಂದಿನ ದಿನ ಮಸಾಲೆ ಅರೆದೆ, ವಿನೆಗರ್ ಸುರಿದೆ, ಕ್ರಿಸ್ಮಸ್ ಊಟವನ್ನು ಸೆಪ್ಟೆಂಬರಿನಲ್ಲೇ ಬಡಿಸಿದೆ.

ಗಂಡ ತಟ್ಟೆ ನೋಡಿ, “ಈ ವರ್ಷದ್ದು ಸ್ವಲ್ಪ ಜಾಸ್ತಿಯೇ ಬೇಗ ಆಯ್ತಲ್ಲ?” ಎಂದರು. ನಗಲು ನೋಡಿದರು, ಆಗಲಿಲ್ಲ.

ಮಗಳು ತಟ್ಟೆ ಮುಟ್ಟಲಿಲ್ಲ. “ಇಟ್ಸ್ ನಾಟ್ ಕ್ರಿಸ್ಮಸ್, ಮಮ್ಮಿ.”

“ತಿನ್ನು ಮಗಾ, ಈ ಸಲ ನಮಗೆ ಇವತ್ತೇ ಕ್ರಿಸ್ಮಸ್.”

“ನೋ. ಕೀಪ್ ಮೈ ಶೇರ್. ನಾನು ಬಂದು ತಿಂತೇನೆ. ಪ್ರಾಮಿಸ್?”

ಹಟ ಅಂದರೆ ಹಟ. ನನ್ನದೇ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲವೇ! ಅವಳು ಶಾಲೆಗೆ ತೆಗೆದುಕೊಂಡು ಹೋಗುತ್ತಿದ್ದ ಸ್ಟೀಲ್ ಡಬ್ಬಿಗೆ ಅವಳ ಪಾಲು ತುಂಬಿಸಿ, ಅವಳ ಕಣ್ಣೆದುರೇ ಫ್ರೀಜರಿನಲ್ಲಿಟ್ಟು, ಪ್ರಾಮಿಸ್ ಎಂದೆ. ಮರುದಿನ ಬೆಳಿಗ್ಗೆ ಬಸ್ಸು ಹೋಯಿತು. ಕಿಟಕಿಯಿಂದ ಅವಳು ಕೈ ಬೀಸಿದಳೋ ಇಲ್ಲವೋ, ಧೂಳಿನಲ್ಲಿ ಕಾಣಲಿಲ್ಲ.

ಆಮೇಲೆ ಸುದ್ದಿಯೇ ಇಲ್ಲ. ಹೊರದೇಶಕ್ಕೆ ಫೋನಿಲ್ಲ, ಟಪಾಲಿಲ್ಲ. ಮರುಭೂಮಿಯ ಡೇರೆಗಳಲ್ಲಿ ಮಕ್ಕಳಿಗೆ ಭೇದಿಯಂತೆ, ನೀರಿಗೆ ಹೊಡೆದಾಟವಂತೆ. ಈ ‘ಅಂತೆ’ಗಳು ಮಾತ್ರ ದಿನವೂ ಬರುತ್ತಿದ್ದವು. ನನ್ನವರು ಊರು ಮುಟ್ಟಿದರೋ, ದಾರಿಯಲ್ಲೇ ಇದ್ದಾರೋ, ಇದ್ದಾರೋ ಇಲ್ಲವೋ, ಹೇಳುವವರು ಒಬ್ಬರೂ ಇರಲಿಲ್ಲ. ಯಾವಾಗ ತಲೆಗೆ ಹೊಕ್ಕಿತೋ ಗೊತ್ತಿಲ್ಲ, ಆ ಡಬ್ಬಿ ಇರುವ ತನಕ ಅವಳಿಗೆ ಏನೂ ಆಗುವುದಿಲ್ಲ ಎಂದು ನಂಬಿಬಿಟ್ಟೆ. ಓದಿದವಳು, ಸೂಜಿ ಚುಚ್ಚುವವಳು, ನಾಚಿಕೆ ಆಗಬೇಕು. ಆಗಲಿಲ್ಲ.

ಕ್ರಿಸ್ಮಸ್ ದಿನ ಎಂದಿನಂತೆ ಡ್ಯೂಟಿ. ಮನೆಗೆ ಬಂದು ಫ್ರೀಜರ್ ತೆರೆದು ಡಬ್ಬಿಯ ಮೇಲಿನ ಮಂಜನ್ನು ಬೆರಳಿನಿಂದ ಒರೆಸಿ ಮತ್ತೆ ಮುಚ್ಚಿದೆ. ಅನ್ನ ಮತ್ತು ಬೇಳೆಸಾರು ಉಂಡೆ. ಎಲ್ಲ ಮೊದಲೇ ಮಾಡಿಟ್ಟಿದ್ದೆ, ತಿನ್ನುವವರಿಲ್ಲ.

ಜನವರಿಯಲ್ಲಿ ಬಾಂಬ್ ಬೀಳಲು ಶುರುವಾಯಿತು. ಕರೆಂಟ್ ಬರುವುದು, ಹೋಗುವುದು. ಒಮ್ಮೆ ಹೋದದ್ದು ಬರಲೇ ಇಲ್ಲ. ಫ್ರೀಜರಿನ ಕೆಳಗೆ ನೀರು ಹರಿಯತೊಡಗಿತು. ಡಬ್ಬಿ ತೆರೆದು ನೋಡಿದರೆ ಒಳಗಿನ ಮಾಂಸ ಮೆತ್ತಗಾಗಿದೆ. ಆಗ ಅಮ್ಮನ ಮಡಕೆ ನೆನಪಾಯಿತು. ಗ್ಯಾಸ್ ಹಚ್ಚಿ, ಮಗಳ ಪಾಲನ್ನು ಸಣ್ಣ ಪಾತ್ರೆಗೆ ಹಾಕಿ ಚೆನ್ನಾಗಿ ಕುದಿಸಿ, ಆರಿಸಿ, ಡಬ್ಬಿಯನ್ನು ತೊಳೆದು ಮತ್ತೆ ತುಂಬಿದೆ. ಮರುದಿನವೂ ಹಾಗೇ. ಅದರ ಮರುದಿನವೂ. ನೀರು ಆರಿದಾಗ ಒಂದು ಚಮಚ ನೀರು, ಒಂದು ಹನಿ ವಿನೆಗರ್. ನನಗೆ ಅಂತ ಒಲೆ ಹಚ್ಚಲಿಲ್ಲ. ನಾನು ಒಣಗಿದ ಅರಬಿ ರೊಟ್ಟಿ, ಆ ಖುಬ್ಬೂಸನ್ನು ನೀರಿನಲ್ಲಿ ಅದ್ದಿ ತಿಂದೆ.

ಎದುರು ಫ್ಲ್ಯಾಟಿನಲ್ಲಿ ಒಬ್ಬರು ತುಳುವರು ಉಳಿದಿದ್ದರು, ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದವರು. ನನ್ನ ಮನೆಯ ಗ್ಯಾಸು ಮುಗಿಯುತ್ತಾ ಬಂದಾಗ ಅವರಲ್ಲಿ ಕೇಳಲು ಹೋದೆ. ಡಬ್ಬಿಯ ಕಥೆ ಅವರಿಗೆ ಗೊತ್ತಿತ್ತು.

“ನನ್ನದು ಮೊನ್ನೆಯೇ ಖಲಾಸ್ ಬಾಯಮ್ಮ,” ಎಂದರು. ಮತ್ತೆ ಮೆಲ್ಲಗೆ, “ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಅದನ್ನು ನೀವು ತಿಂದುಬಿಡಿ. ಮಗುವಿಗೆ ಹೊಸತು ಮಾಡಿ ಕೊಡ್ಬಹುದಲ್ಲ?”

“ನಿಮಗೆ ಎಂತ ಗೊತ್ತುಂಟು!” ಎಂದು ಕಿರುಚಿದೆ. “ನಿಮ್ಮ ಮಗುವಾ ಅದು?”

ಪಾಪದ ಮನುಷ್ಯ, ತಲೆ ತಗ್ಗಿಸಿ ನಿಂತರು. ಅವರ ಹೆಂಡತಿ ಮಕ್ಕಳೂ ಅಂಥದ್ದೇ ಬಸ್ಸಿನಲ್ಲಿ ಹೋದವರು ಎನ್ನುವುದು ನನಗೆ ಮನೆಯೊಳಗೆ ಬಂದ ಮೇಲೆ ಹೊಳೆಯಿತು.

ಆ ಸಂಜೆ ಕುದಿಸುತ್ತಿರುವಾಗಲೇ ಒಲೆ ಸಣ್ಣಗಾಯಿತು. ಸಿಲಿಂಡರನ್ನು ಅಲುಗಾಡಿಸಿದೆ, ಓರೆ ಮಾಡಿದೆ, ಅಡ್ಡ ಮಲಗಿಸಿದೆ. ನೀಲಿ ಉರಿ ಒಮ್ಮೆ ಮೇಲೆದ್ದು ಆರಿಹೋಯಿತು. ಹೊರಗೆ ಸೈನ್ಯ ಬೆಂಕಿ ಹಚ್ಚಿದ ತೈಲಬಾವಿಗಳ ಹೊಗೆ, ಸಂಜೆಗೇ ನಡುರಾತ್ರಿಯ ಕತ್ತಲೆ. ಪಾತ್ರೆಯನ್ನು ಕೆಳಗಿಟ್ಟು ಎದುರು ಕೂತೆ. ನಾಳೆ ಬೆಳಿಗ್ಗೆಗೆ ಹುಳಿ ವಾಸನೆ ಬರುತ್ತದೆ, ನಾಡಿದ್ದು ನೊರೆ ಬರುತ್ತದೆ. ನನಗೆ ಗೊತ್ತು. ಚೆಲ್ಲುವುದೆಂದರೆ ಅವಳನ್ನೇ ಹೊರಗೆ ಹಾಕಿದ ಹಾಗೆ. “ಕ್ಷಮಿಸು ಮಗಾ, ನನ್ನ ಕೈಯಲ್ಲಿ ಆಗುವುದಿಲ್ಲ, ಇನ್ನು ಆಗುವುದಿಲ್ಲ,” ಎಂದು ಗಟ್ಟಿಯಾಗಿ ಅತ್ತೆ. ಕೇಳಲು ಯಾರಿದ್ದರು?

ಆಮೇಲೆ ತಿಂದೆ. ನೆಲದ ಮೇಲೆ ಕೂತು, ಖುಬ್ಬೂಸಿನಿಂದ ಪಾತ್ರೆಯ ತಳ ಒರೆಸಿ ಒರೆಸಿ ತಿಂದೆ. ಕುದ್ದೂ ಕುದ್ದೂ ಮಾಂಸ ಬೆಣ್ಣೆಯಾಗಿತ್ತು. ಹಾಳಾದ್ದು, ನನ್ನ ಜನ್ಮದಲ್ಲೇ ನಾನು ಅಷ್ಟು ರುಚಿಯಾಗಿ ಅಡುಗೆ ಮಾಡಿರಲಿಲ್ಲ.

ಸೈನ್ಯ ಓಡಿಹೋದ ಮೇಲೆ, ಮಾರ್ಚ್‌ನಲ್ಲಿ, ಹೊರಗಿನಿಂದ ಬಂದವರು ಆಸ್ಪತ್ರೆಯ ಅಂಗಳದಲ್ಲಿ ಸ್ಯಾಟಲೈಟ್ ಫೋನ್ ಇಟ್ಟರು. ಉದ್ದದ ಸಾಲು, ಒಬ್ಬರಿಗೆ ಒಂದೆರಡು ಮಾತು. ನನ್ನ ಸರದಿ ಬಂದಾಗ ಊರಿನಲ್ಲಿ ನಮ್ಮ ಮನೆಯ ಹತ್ತಿರದ ಅಂಗಡಿಗೆ ಮಾಡಿದೆ. ಮನೆಯವರನ್ನು ಕರೆದುಕೊಂಡು ಬರುವವರೆಗೆ ಲೈನ್ ಇರಲಪ್ಪಾ ದೇವರೇ ಎಂದು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಗಂಡನ ಸ್ವರ ಬಂತು, “ನಾವು ಇಬ್ಬರೂ ಹುಷಾರಿದ್ದೇವೆ ಮಾರಾಯ್ತಿ, ನೀನು?” ಅಷ್ಟರಲ್ಲಿ ಮಗಳು ಫೋನ್ ಕಿತ್ತುಕೊಂಡಳು.

“ಮಮ್ಮಿ! ಡಿಡ್ ಯು ಕೀಪ್ ಮೈ ಶೇರ್?”

“ಇಟ್ಟಿದ್ದೆ ಮಗಾ. ಆದಷ್ಟು ದಿನ ಇಟ್ಟೆ. ಮತ್ತೆ... ನಾನೇ ತಿಂದೆ.”

ರಿಸೀವರನ್ನು ಕಿವಿಗೆ ಒತ್ತಿ ಹಿಡಿದೆ. ಲೈನ್ ಕಟ್ ಆಯಿತೋ ಎಂದುಕೊಂಡೆ.

“ಓಕೆ,” ಎಂದಳು. “ವಾಸ್ ಇಟ್ ಗುಡ್?”

ಫೋನಿನಲ್ಲಿ ಕಾಣುವುದಿಲ್ಲ ಎನ್ನುವುದನ್ನೂ ಮರೆತು ಹೌದೆಂದು ತಲೆ ಆಡಿಸಿದೆ. ಹಿಂದೆ ಸಾಲಿನಲ್ಲಿದ್ದವರು, “ಯಲ್ಲಾ ಸಿಸ್ಟರ್, ಬೇಗ, ಬೇಗ,” ಎನ್ನುತ್ತಿದ್ದರು.