ಹೊಂಡ ಕಾದ ಸುಬಾನಸಾಬ

ಸುಬಾನಸಾಬನನ್ನು ಜನ ಪುಣ್ಯಾತ್ಮ ಎಂದು ಹೊಗಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವನು ಏಳು ವರ್ಷ ನಮ್ಮೂರ ಹೊಂಡವನ್ನು ಕನ್ನಡಿಯ ಹಾಗೆ ಇಟ್ಟಿದ್ದು ಪುಣ್ಯಕ್ಕಲ್ಲ, ಸೇಡಿಗೆ. ಪಕ್ಕದ ಮನೆಯ ಭೀಮಕ್ಕ ನಾನು, ನನಗೆ ಗೊತ್ತಿಲ್ಲವೇ?

ಕೆರೆಬಿಳಚಿಯಿಂದ ಒಂದು ಹರದಾರಿ ಆಚೆಗಿನ ನಮ್ಮೂರಿಗೆ ಇದ್ದದ್ದು ಅದೊಂದೇ ಹೊಂಡ, ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಊರೆಲ್ಲ ಈಜು ಕಲಿತದ್ದು ಅಲ್ಲೇ, ಕುಡಿಯಲು ಕೊಡ ತುಂಬಿದ್ದೂ ಅಲ್ಲೇ. ಸುಬಾನಸಾಬನ ಒಬ್ಬಳೇ ಮಗಳು ಸುಗ್ರಾ ಎರಡೇ ದಿನಕ್ಕೆ ಬುರುಡೆ ಬಿಚ್ಚಿ ಎಸೆದು ಈಜಿದವಳು. 1937ರ ಬೇಸಿಗೆಯಲ್ಲಿ ಅವಳ ಕಾಲಿಗೆ ನಾರುಹುಣ್ಣಾಯಿತು. ಹುಣ್ಣಿನಿಂದ ಇಣುಕುವ ದಾರದಂಥ ಹುಳವನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದಿಷ್ಟೇ ಎಳೆಯಬೇಕು. ಅವಳದು ಒಳಗೇ ಹರಿದುಹೋಯಿತು. ಕಾಲು ಬಾತು, ನಂಜೇರಿ, ಹನ್ನೊಂದನೆಯ ದಿನ ಹುಡುಗಿ ಹೋದಳು.

ಆಮೇಲೆ ಊರಿಗೆ ಬಂದ ಹೆಲ್ತ್ ಇನ್ಸ್‌ಪೆಕ್ಟರು ಜನರನ್ನು ಕೂರಿಸಿಕೊಂಡು ಹೇಳಿದರು. ಹುಣ್ಣಿದ್ದ ಕಾಲನ್ನು ನೀರಿಗಿಟ್ಟರೆ ಹುಳ ಮರಿ ಬಿಡುತ್ತದಂತೆ. ಆ ನೀರು ಕುಡಿದವರಿಗೆ ಮುಂದಿನ ವರ್ಷ ಹುಣ್ಣಾಗುತ್ತದಂತೆ. ಹಿಂದಿನ ಬೇಸಿಗೆಯಲ್ಲಿ ಉರಿ ತಾಳಲಾರದೆ ದಿನವೂ ಹೊಂಡಕ್ಕೆ ಕಾಲು ಇಳಿಬಿಟ್ಟು ಕೂರುತ್ತಿದ್ದವರು ಪಟೇಲ್ ಶಿವಮೂರ್ತಪ್ಪ.

"ನನ್ ಮಗಳನ್ನ ಕೊಂದೋನು ಅವನೇ, ಭೀಮಕ್ಕ," ಎಂದ ಸುಬಾನಸಾಬ. ಅವನ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ನನಗೆ ಹೆದರಿಕೆಯಾಯಿತು.

ಮರುದಿನವೇ ಹೊಂಡದ ಉಸ್ತುವಾರಿಯನ್ನು ಅವನು ತಾನೇ ಹೊತ್ತುಕೊಂಡ. ಬಿದಿರು ಬುಟ್ಟಿಯಲ್ಲಿ ಎಲೆ ಎತ್ತಿದ, ಮೆಟ್ಟಿಲಿನ ಪಾಚಿ ಉಜ್ಜಿದ, ನೀರು ಇಳಿದಾಗ ಹೂಳು ಹೊತ್ತ. ಇನ್ಸ್‌ಪೆಕ್ಟರು ಕೊಟ್ಟ ಬ್ಲೀಚಿಂಗ್ ಪುಡಿಯನ್ನು ಹೇಳಿದ ದಿನಕ್ಕೆ, ಹೇಳಿದಷ್ಟೇ ಹಾಕಿದ. ಮಿಕ್ಕ ಹೊತ್ತು ಮೇಲಿನ ಮೆಟ್ಟಿಲಲ್ಲಿ ಕೋಲು ಹಿಡಿದು ಕೂತು, ಇಳಿಯುವವರ ಕಾಲು ನೋಡಿಯೇ ಬಿಡುತ್ತಿದ್ದ. ಮೂರು ವರ್ಷಕ್ಕೆ ಊರಿನಲ್ಲಿ ನಾರುಹುಣ್ಣು ನಿಂತೇಹೋಯಿತು. ಅವನ ಮುಖ ಮಾತ್ರ ಸಡಿಲವಾಗಲಿಲ್ಲ. ಅವನು ಕಾಯುತ್ತಿದ್ದುದು ಒಂದೇ ಒಂದು ಕಾಲನ್ನು.

ಏಳನೆಯ ವರ್ಷ ಆ ಕಾಲು ಬಂತು. ಹಿಂದಿನ ವರ್ಷ ಜಗಳೂರು ಸೀಮೆಯ ಬೀಗರೂರಿನಲ್ಲಿ ಎಂಥದೋ ನೀರು ಕುಡಿದಿದ್ದ ಪಟೇಲರಿಗೆ ಮತ್ತೆ ಹುಣ್ಣಾಗಿತ್ತು. ಮಟಮಟ ಮಧ್ಯಾಹ್ನ ಕುಂಟುತ್ತ ಹೊಂಡಕ್ಕೆ ಬಂದರು.

"ಕಾಲಿಗೆ ಬೆಂಕಿ ಬಿದ್ದಂಗೈತೆ ಕಣೋ ಸುಬಾನ. ದಾರಿ ಬಿಡು."

"ಇಳಿಯಂಗಿಲ್ಲ ಪಟೇಲ್ರೆ."

"ಹಂಗಾರೆ ಒಂದು ಕೊಡ ಮೇಲಕ್ಕೆ ತಂದು ಹುಯ್ಯಿ."

ಹೊಂಡದಿಂದ ದೂರದಲ್ಲಿ ಹುಯ್ದುಕೊಂಡರೆ ಅಡ್ಡಿಯಿಲ್ಲ ಎಂದು ಇನ್ಸ್‌ಪೆಕ್ಟರೇ ಹೇಳಿದ್ದರು. ಸುಬಾನಸಾಬ ಅಲ್ಲೇ ನಿಂತಿದ್ದ ನನ್ನ ಕೈಯಿಂದ ಕೊಡ ಇಸಿದುಕೊಂಡು ತುಂಬಿ ತಂದ. ತಂದವನು ಪಟೇಲರ ಕೈಗೆ ಎಟುಕದಷ್ಟು ದೂರ ಇಟ್ಟ.

"ಸುಗ್ರಾನ್ನ ನಾನೇ ಕೊಂದೆ ಅನ್ರಿ. ಎಲ್ರೂ ಕೇಳಂಗೆ ಅನ್ರಿ. ಆಮ್ಯಾಲೆ ಹುಯ್ತೀನಿ."

ನೀರಿಗೆ ಬಂದ ಹೆಂಗಸರೆಲ್ಲ ನಿಂತು ನೋಡಿದೆವು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಪಟೇಲರ ದರ್ಪ ಉಂಡವರೇ ನಾವೆಲ್ಲ.

ಪಟೇಲರು ಬಿಸಿಲಲ್ಲಿ ಬಹಳ ಹೊತ್ತು ಹಲ್ಲು ಕಚ್ಚಿ ಕೂತರು. ಆಮೇಲೆ ಬಾಯಿ ಬಿಟ್ಟರು. "ಕಾಲು ಇಟ್ಟಿದ್ದು ಹೌದು. ಹಿಂಗಾಗ್ತೈತೆ ಅಂತ ಗೊತ್ತಿರ್ಲಿಲ್ಲ. ಆದ್ರೆ ನಾನೊಬ್ನೇ ಅನ್ನಾಕೆ ಆಗಲ್ಲ. ಆ ಬ್ಯಾಸಿಗ್ಯಾಗೆ ನಿಂಗೂ ಹುಣ್ಣಾಗಿತ್ತು. ನನ್ ಪಕ್ಕದ ಮೆಟ್ಲಾಗೆ ಕಾಲು ಇಳಿಬಿಟ್ಕಂಡು ಕುಂತೋನು ನೀನೇ ಅಲ್ವೇನೋ? ನಮ್ಮಿಬ್ರ ಕಾಲ ಮುಂದೇನೇ ಈಜ್ತಿತ್ತಲ್ಲೋ ಆ ಹುಡುಗಿ."

ಅದು ನಿಜವೇ. ನಾನೇ ಕಣ್ಣಾರೆ ಕಂಡಿದ್ದೆ. ಪಟೇಲರ ಮೇಲಿನ ಅವನ ಹಗೆ ನನಗೂ ರುಚಿಸಿದ್ದರಿಂದ ಏಳು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಸುಬಾನಸಾಬ ಕೊಡ ಎತ್ತಿ ಪಟೇಲರ ಕಾಲಿಗೆ ಹುಯ್ದ, ಕೊನೆಯ ಹನಿಯವರೆಗೂ ಹುಯ್ದ. ಆಮೇಲೆ ನನ್ನ ಕಡೆ ತಿರುಗಿದ.

"ನಿಂಗೆ ಗೊತ್ತಿತ್ತಾ, ಭೀಮಕ್ಕ?"

ನಾನು ತಲೆ ತಗ್ಗಿಸಿದೆ.

"ನಂಗೂ ಗೊತ್ತಿತ್ತು," ಎಂದು ಖಾಲಿ ಕೊಡವನ್ನು ನನ್ನ ಕೈಗೆ ಕೊಟ್ಟ.