ಮಾದೇವಣ್ಣ ತೋರಿಸಿದ ಬಿರುಕಿನ ತುದಿ

ಸಿಮೆಂಟ್ ಹಲಗೆಯಲ್ಲಿ ಬಿರುಕು ಆರು ಸೆಂಟಿಮೀಟರಿಗೆ ನಿಂತಿತ್ತು. ನನ್ನ ಪ್ರೋಗ್ರಾಂ ಮಾತ್ರ ಎಂಟು ಅನ್ನುತ್ತಿತ್ತು.

ಎಷ್ಟು ಸಲ ರನ್ ಮಾಡಿದರೂ ಅದೇ ಎಂಟು...

ಇದು 2002ರ ಮಾತು. ಮೈಸೂರಿನಲ್ಲಿ ಎಂ.ಟೆಕ್ ಕೊನೆಯ ವರ್ಷ, ಥೀಸಿಸ್ ಕೊಡಲು ಹದಿನೈದು ದಿನ ಬಾಕಿ.

ಕಂಪ್ಯೂಟರಿನಲ್ಲಿ ಹಲಗೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಮಾಡಿ ಭಾರ ಹೆಚ್ಚಿಸುತ್ತಾ ಹೋಗಬೇಕು. ತಡೆಯಲಾರದ ಚೌಕ ಕೆಂಪಾಗುತ್ತದೆ, ಕೆಂಪು ಚೌಕಗಳ ಸಾಲೇ ಬಿರುಕು. ಲ್ಯಾಬಿನಲ್ಲಿ ನಿಜವಾದ ಹಲಗೆಯನ್ನು ಒತ್ತಿದಾಗ ಬರುವ ಬಿರುಕಿಗೂ ಇದಕ್ಕೂ ತಾಳೆಯಾಗಬೇಕು.

ತಾಳೆಯಾಗದಿದ್ದರೆ ಈ ವರ್ಷ ಸಬ್ಮಿಟ್ ಮಾಡುವುದು ಬೇಡ ಎಂದು ಗೈಡ್ ಸರ್ ಹೇಳಿಬಿಟ್ಟಿದ್ದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಮೊದಲು ಲ್ಯಾಬಿನ ಮೆಷಿನ್ನನ್ನು ಬೈದೆ, ಆಮೇಲೆ ಸಿಮೆಂಟನ್ನು ಬೈದೆ.

ಕೊನೆಗೆ ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ಪ್ರೋಗ್ರಾಂನಲ್ಲಿ ಸಿಮೆಂಟಿನ ಗಟ್ಟಿತನದ ಸಂಖ್ಯೆಯನ್ನು ಸ್ವಲ್ಪ ಸ್ವಲ್ಪವೇ ಏರಿಸಿದೆ. ಬಿರುಕು ಸರಿಯಾಗಿ ಆರಕ್ಕೆ ಬಂದು ನಿಂತಿತು.

ಪ್ರಿಂಟ್ ತೆಗೆದು ಬ್ಯಾಗಿಗೆ ಹಾಕಿಕೊಂಡೆ.

ಆ ಭಾನುವಾರ ವಿಜಯನಗರದ ನನ್ನ ಬಾಡಿಗೆ ರೂಮಿನ ತಾರಸಿ ಸೋರುತ್ತಿದೆ ಎಂದು ಗಾರೆ ಕೆಲಸದ ಮಾದೇವಣ್ಣ ಬಂದರು. ನಾನೇ ಮೇಲೆ ಕರೆದುಕೊಂಡು ಹೋಗಿ, ಇಲ್ಲಿಂದ ಇಲ್ಲಿಗೆ ಅಷ್ಟೇ ಬಿರುಕು, ಮುಚ್ಚಿಬಿಡಿ ಎಂದೆ. ಬಿರುಕಿನ ವಿಷಯದಲ್ಲಿ ನಾನು ಎಂ.ಟೆಕ್ ಅಲ್ಲವೇ.

"ಕಣ್ಣಿಗೆ ಕಾಣಾದು ಅಷ್ಟು ಕಣವ್ವ. ಒಳಗೆ ಎಲ್ಲಿಗಂಟ ಓಗದೆ ಅಂತ ನೀರೇ ತೋರುಸ್ತದೆ, ವಸಿ ತಾಳು," ಎಂದರು.

ಎರಡು ಬಕೆಟ್ ನೀರು ಸುರಿದು, ಟ್ಯಾಂಕಿನ ನೆರಳಿನಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡರು. ನಾನೂ ಪಕ್ಕದಲ್ಲೇ ಕೂತೆ.

ಬಿಸಿಲಿಗೆ ತಾರಸಿಯೆಲ್ಲ ಒಣಗಿ ಬೆಳ್ಳಗಾಯಿತು. ಬಿರುಕಿನ ಗುಂಟ ಮಾತ್ರ ಒದ್ದೆ ಗೆರೆ ಕಪ್ಪಗೆ ಉಳಿದಿದೆ... ನಾನು ತೋರಿಸಿದ ಜಾಗ ದಾಟಿ, ಇನ್ನೂ ಒಂದು ಗೇಣು ಮುಂದಕ್ಕೆ.

ಅದರ ತುದಿಗೆ ಮಾದೇವಣ್ಣ ಇಟ್ಟಿಗೆ ಚೂರಿನಿಂದ ಗುರುತು ಹಾಕುತ್ತಿದ್ದಾರೆ. ಲ್ಯಾಬಿನ ಹಲಗೆಯಲ್ಲೂ ನಾನು ಕಣ್ಣಿಗೆ ಕಂಡಷ್ಟನ್ನೇ ಅಳೆದಿದ್ದೆ.

ಸೋಮವಾರ ಹಲಗೆಯನ್ನು ಲ್ಯಾಬಿನ ಮೆಟ್ಟಿಲ ಮೇಲೆ ಬಿಸಿಲಿಗಿಟ್ಟು ಒಂದು ಮಗ್ ನೀರು ಹಾಕಿದೆ. ಗೈಡ್ ಸರ್ ಇದೇನು ಹುಚ್ಚು ಎನ್ನುವಂತೆ ನೋಡುತ್ತಾ ನಿಂತರು.

ಹಲಗೆ ಒಣಗಿತು. ಒದ್ದೆ ಗೆರೆ ಆರು ದಾಟಿತ್ತು, ಏಳು ದಾಟಿತ್ತು, ಎಂಟರ ಹತ್ತಿರ ಕೂದಲಿನಷ್ಟು ತೆಳ್ಳಗಾಗಿ ಮುಗಿದಿತ್ತು.

ಸರ್ ಬಗ್ಗಿ ಬಹಳ ಹೊತ್ತು ನೋಡಿದರು. ನಾನು ಬ್ಯಾಗಿನಿಂದ ಆ ಪ್ರಿಂಟ್ ತೆಗೆದು, ಸಂಖ್ಯೆ ತಿದ್ದಿದ್ದನ್ನು ಹೇಳಿಬಿಟ್ಟೆ.

"ಮೊದಲಿನ ಫೈಲ್ ಇದೆಯೇನಮ್ಮ?"

"ಫ್ಲಾಪಿಯಲ್ಲಿದೆ ಸರ್."

ಪ್ರಿಂಟನ್ನು ಎರಡಾಗಿ ಹರಿದು ನನ್ನ ಕೈಗೇ ಕೊಟ್ಟರು. ಆ ವಿಷಯ ಮತ್ತೆಂದೂ ಎತ್ತಲಿಲ್ಲ. ಅವರಿಗೂ ನಾನು ಋಣಿ.

ಥೀಸಿಸಿನ ಕೃತಜ್ಞತೆಯ ಪುಟದಲ್ಲಿ ಮಾದೇವಣ್ಣನ ಹೆಸರು ಬರೆದೆ. ಇವರು ಯಾವ ಡಿಪಾರ್ಟ್‌ಮೆಂಟ್ ಎಂದು ವೈವಾದಲ್ಲಿ ಪರೀಕ್ಷಕರು ಕೇಳಿದರು. ಗಾರೆ ಕೆಲಸ ಸರ್ ಎಂದೆ, ಎಲ್ಲರೂ ನಕ್ಕರು.

ಆ ಪುಟ ತೋರಿಸಲು ಉದಯಗಿರಿಯಲ್ಲಿ ಅವರು ಕೆಲಸ ಮಾಡುತ್ತಿದ್ದ ಕಡೆ ಹುಡುಕಿಕೊಂಡು ಹೋಗಿದ್ದೆ. ಸಿಮೆಂಟ್ ಕೈ ಲುಂಗಿಗೆ ಒರೆಸಿಕೊಂಡು, ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು.

"ನೀರು ಉಯ್ದಿದ್ಕೆಲ್ಲ ಹೆಸ್ರು ಆಕ್ತಾರೇನವ್ವ?"

ಹಾಕುತ್ತಾರೆ ಮಾದೇವಣ್ಣ ಎಂದೆ. ತಿದ್ದಿದ ಪ್ರಿಂಟಿನ ಕತೆ ಮಾತ್ರ ಅವರಿಗೆ ಹೇಳಲು ಬಾಯಿ ಬರಲಿಲ್ಲ.

ಆ ಭಾನುವಾರ ತಾರಸಿ ಸೋರದೇ ಇದ್ದಿದ್ದರೆ, ನಾನು ಸುಳ್ಳು ಬರೆದೇ ಪಾಸಾಗಿರುತ್ತಿದ್ದೆ.