ತೂಬಿನ ಬಳಿ ಆಡಿದ ಒಂದು ಮಾತು

ನಾನು ನಿಂತಿದ್ದದ್ದು ಕೆರೆ ಏರಿಯ ಮೇಲೆ, ತೂಬಿನ ಕಲ್ಲಿಗೆ ಎರಡು ಹೆಜ್ಜೆ ಬಲಕ್ಕೆ, ನೀರಿಗೆ ಮುಖ ಮಾಡಿ. ಕೆರೆ ತೆರಕಣಾಂಬಿಯಿಂದ ಒಂದು ಮೈಲಿಯೊಳಗಿನದು. ರಾಜ್ಯ ಒಂದಾದ ಮರುವರ್ಷ, ಕಾರ್ತಿಕದ ಒಂದು ಭಾನುವಾರ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬೆಳಗಿನ ಬಸ್ಸಿನಿಂದ ಇಳಿದು ನಡೆದು ಬಂದಿದ್ದೆ. ಆದ್ದರಿಂದ ಹೊತ್ತು ಹತ್ತು ಗಂಟೆಯ ಸುಮಾರು. ಬಲಗೈಯಲ್ಲಿ ಕೊಡೆ ಇತ್ತು, ಎಡಗೈಯಲ್ಲಿ ಮಕ್ಕಳಿಗೆಂದು ತಂದ ಬೆಂಡು ಬತ್ತಾಸಿನ ಪೊಟ್ಟಣ. ಬಿಸಿಲು ಎಡಗೆನ್ನೆಯ ಮೇಲಿತ್ತು.

ಆ ದಿನದ ಬಗ್ಗೆ ಎರಡು ಮಾತು ಉಳಿದುಕೊಂಡಿವೆ. ಹರಿಗೋಲು ಹಳೆಯದು, ಅದಕ್ಕೇ ಮುಳುಗಿತು ಎಂಬುದು ಊರಿನ ಮಾತು. ಎರಡನೆಯದು ನನ್ನ ತಮ್ಮನ ಮಗಳ ಮಾತು. ಆಗ ಅವಳಿಗೆ ಆರು ವರ್ಷ. ಈಗ ಗುಂಡ್ಲುಪೇಟೆಯಲ್ಲಿ ಮೊಮ್ಮಕ್ಕಳ ಜೊತೆ ಇದ್ದಾಳೆ. ಕಳೆದ ತಿಂಗಳು ನನಗೆ ಊಟಕ್ಕಿಡುತ್ತಾ, ಬೇರೆ ಏನೋ ಮಾತಿನ ನಡುವೆ, "ನಾನು ಎದ್ದಿದ್ದಕ್ಕೆ ತಾನೆ ದೊಡ್ಡಪ್ಪ ಅವ್ವ ನೀರುಪಾಲಾದ್ದು" ಅಂದಳು. ಸಾರು ಬಡಿಸುತ್ತಿದ್ದ ಕೈ ನಿಲ್ಲಲಿಲ್ಲ. ಎಲ್ಲರಿಗೂ ಗೊತ್ತಿರುವ ವಿಷಯವನ್ನು ಹೇಳುವ ಹಾಗೆ ಹೇಳಿದಳು. ನಾನು ಅನ್ನ ಕಲಸಿಕೊಂಡು ಉಂಡೆ.

ಎರಡೂ ಮಾತು ತಪ್ಪು. ಅವಳು ಓದಲಿ ಎಂದು, ಕಂಡದ್ದನ್ನು ಕಂಡ ಕ್ರಮದಲ್ಲಿ ಬರೆಯುತ್ತಿದ್ದೇನೆ. ನಾನು ಸರ್ವೆ ಇಲಾಖೆಯಲ್ಲಿದ್ದವನು. ಅಳತೆ ತಪ್ಪಿಸಿ ಬರೆದು ನನಗೆ ಅಭ್ಯಾಸವಿಲ್ಲ.

ನನ್ನ ತಮ್ಮ ತೆರಕಣಾಂಬಿಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಅವನ ಹೆಂಡತಿ ಕಪಿಲೆಯ ದಡದ ಊರಿನವಳು, ಹರಿಗೋಲಿನಲ್ಲಿ ಹೊಳೆ ದಾಟಿಯೇ ಸಂತೆಗೆ ಹೋಗಿ ಬಂದು ಬೆಳೆದವಳು. ಅವಳು ಹೇಳುತ್ತಿದ್ದ ಹೊಳೆಯ ಕತೆ ಕೇಳಿ ಕೇಳಿ ಇಬ್ಬರು ಮಕ್ಕಳೂ ಹರಿಗೋಲು ಬೇಕು ಎಂದು ಹಟ ಹಿಡಿದಿದ್ದರು. ಆ ವರ್ಷ ಅವಳ ತವರಿನ ಹೊಳೆಗೆ ಸೇತುವೆ ಬಂದು ದೋಣಿಕಡ ನಿಂತುಹೋಯಿತು. ಅಲ್ಲಿನ ಅಂಬಿಗ ತನ್ನ ಸಣ್ಣ ಹರಿಗೋಲು ಮಾರುತ್ತಾನೆ ಎಂದು ಸುದ್ದಿ ಬಂತು. ಭಾನುವಾರಗಳಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಮ್ಮ ಕೆರೆಯಲ್ಲಿ ಒಂದು ಸುತ್ತು ಹಾಕಿಸಬೇಕೆಂದು ತಮ್ಮನಿಗೆ ಆಸೆ. "ಅಣ್ಣ, ನೀನು ನೋಡಿ ಸರಿ ಅನ್ನದೆ ನಾನು ತಗಳಾಕಿಲ್ಲ" ಅಂದ. ಎಲ್ಲರೂ ಹೋದೆವು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಾನು ಅವಳಿಗೆ ಬಾವ, ಗಂಡನ ಅಣ್ಣ. ತಮ್ಮನ ಹೆಂಡತಿ ಬಾವನ ಎದುರು ಕೂರುವುದಿಲ್ಲ. ಬಾವ ಕಂಡರೆ ಎದ್ದು, ಸೆರಗು ತಲೆಗೆಳೆದುಕೊಂಡು ನಿಲ್ಲುತ್ತಾಳೆ. ಬಾವನೂ ಅವಳೊಂದಿಗೆ ನೇರ ಮಾತಾಡುವುದಿಲ್ಲ. ಒಂಬತ್ತು ವರ್ಷದಲ್ಲಿ ನಾನು ಅವಳಿಗೆ ಒಂದು ಮಾತೂ ಆಡಿರಲಿಲ್ಲ. ಮನಸ್ತಾಪವೇನೂ ಇಲ್ಲ. ಮಾತು ಮಗುವಿನ ಬಾಯಲ್ಲಿ ಹೋಗಿ ಬರುತ್ತಿತ್ತು, ಅಷ್ಟೇ.

ಹೊಳೆಯ ದಂಡೆಯಲ್ಲೂ ಹಾಗೇ ನಡೆಯಿತು. ಅವಳು ಹುಣಸೆ ಮರದ ಹಿಂದೆ ನಿಂತಿದ್ದಳು. ನಾನು ಹರಿಗೋಲಿನೊಳಗೆ ಬಗ್ಗಿ ಬಿದಿರಿನ ಹೆಣಿಗೆ ನೋಡುತ್ತಿದ್ದೆ. ಮಗಳು ಓಡಿ ಬಂದಳು.

"ದೊಡ್ಡಪ್ಪ, ಅವ್ವ ಏಳ್ತಾಳೆ, ಒಳಗ್ ನೋಡದಲ್ವಂತೆ, ಬೆನ್ ನೋಡ್ಬೇಕಂತೆ."

"ಏಳ್ತಾಳಾ?" ಅಂದ ತಮ್ಮ. "ಕೂತಿದ್ರೆ ತಾನೆ ನಿಮ್ಮವ್ವ ಏಳದು? ಹೇಳ್ತಾಳೆ ಅನ್ನಮ್ಮಿ, ಹೇ."

"ಏ," ಅಂದಳು ಅವಳು.

ನಮ್ಮ ಕಡೆ ಹೇಳು ಎಂಬುದೂ ಏಳು, ಎದ್ದೇಳು ಎಂಬುದೂ ಏಳು. ಮೇಷ್ಟ್ರ ಮಗಳು ಎಂದು ಅವನಿಗೆ ಅದೊಂದು ಚಿಂತೆ. ನಾನು ಕಚೇರಿಯ ಅಭ್ಯಾಸದಿಂದ ನಾಲಿಗೆ ತಿದ್ದಿಕೊಂಡವನು. "ಹೇಳು" ಎಂದೇ ಅನ್ನುತ್ತಿದ್ದೆ.

ಹರಿಗೋಲು ಮಗುಚಿಸಿ ಬೆನ್ನು ನೋಡಿದೆ. ಎಮ್ಮೆ ಚರ್ಮ, ಎರಡು ಕಡೆ ತೇಪೆ. ಹೊಲಿಗೆ ಬಿಗಿಯಾಗಿತ್ತು. "ನಿಮ್ಮವ್ವನ್ನ ಕೇಳು, ಈ ಚರ್ಮ ಎಷ್ಟು ವರ್ಷ ಬರುತ್ತಂತೆ?" ಅಂದೆ. ಮಗು ಓಡಿ ಹೋಗಿ ಬಂತು.

"ಚೆಂದಾಗಿ ನೋಡ್ಕಂಡ್ರೆ ಬತ್ತದಂತೆ. ನೋಡ್ಕಳದೇ ಓದ್ರೆ ಬರಾಕಿಲ್ವಂತೆ. ಗಂಡನ್ ಮನೇಲಿ ಎಡ್ತಿ ಇದ್ದಂಗಂತೆ."

"ಅಯ್ಯೋ, ಅದ್ಯಾಕ್ ಅಲ್ಲಿ ಒದರ್ದೆ ಕಣಮ್ಮಿ!" ಎಂದು ಹುಣಸೆ ಮರದ ಹಿಂದಿನಿಂದ ಕೇಳಿತು. ಅಂಬಿಗ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಅವಳು ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸೋರಿಕೆ ನೋಡುವ ಉಪಾಯವನ್ನೂ ಅವಳೇ ಹೇಳಿ ಕಳಿಸಿದಳು. ಒಳಗೆ ಒಲೆಯ ಬೂದಿ ಉದುರಿಸಿ, ಐದು ಮೂಟೆ ಮರಳನ್ನು ಸುತ್ತ ಇಟ್ಟು ನೀರಿನ ಮೇಲೆ ಬಿಟ್ಟೆವು. ಗಡಿಯಾರ ನೋಡಿ ಒಂದು ಗಂಟೆ ಕಾದೆ. ನಡುವಿನ ಬೂದಿ ಊದಿದರೆ ಹಾರುವಷ್ಟು ಒಣಗಿತ್ತು.

ಅಂಬಿಗ ಕೊನೆಗೆ ಅಂದ: "ಎಷ್ಟು ಜನ ಬೇಕಾದ್ರೂ ಸುತ್ತ ಕೂತ್ಕಳಿ ಸಾಮಿ, ಏನೂ ಆಗಾಕಿಲ್ಲ. ಒಬ್ರು ಎದ್ದು ನಿಂತ್ರೋ, ಆಮ್ಯಾಕೆ ನನ್ನ ಕೇಳ್ಬ್ಯಾಡಿ." ಅವನು ಇದನ್ನು ನಮಗೆ ಹೇಳಿದ. ಅವಳಿಗೆ ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಮಕ್ಕಳಿಗೆ ಅವಳೇ ದಿನವೂ ಹೇಳುತ್ತಿದ್ದ ಮಾತು ಅದು.

ಮೂಟೆ ಲಾರಿಯೊಂದರ ಮೇಲೆ ಬೋರಲು ಹಾಕಿ ಗುಂಡ್ಲುಪೇಟೆಗೆ ತಂದೆವು. ಅಲ್ಲಿಂದ ಗಾಡಿ. ತೆರಕಣಾಂಬಿಯ ಬೀದಿಯಲ್ಲಿ ಒಬ್ಬ, "ಮೇಷ್ಟ್ರೇ, ಪಾಠ ಬುಟ್ಟು ಚರ್ಮದ ಯಾಪಾರಕ್ ಇಳುದ್ರಾ?" ಅಂದ. "ನಿನ್ ಮಗನ್ನ ಸ್ಕೂಲಿಗೆ ಕಳುಸ್ಲಾ, ಅವನ್ ಚರ್ಮಾನೂ ಹದ ಮಾಡ್ತೀನಿ" ಎಂದು ತಮ್ಮ ಗಾಡಿಯ ಮೇಲಿನಿಂದಲೇ ಉತ್ತರ ಕೊಟ್ಟ.

ಕೆರೆಯಲ್ಲಿ ನಾನು ಆಳ ನೋಡಿದೆ. ಏರಿಯ ಕಡೆ, ತೂಬಿನ ಹತ್ತಿರ ಆಳ ಹೆಚ್ಚು. ಎದುರು ದಡದ ಕಡೆ ಸೊಂಟಕ್ಕಿಂತ ಮೇಲೆ ನೀರಿಲ್ಲ. ಸೊಂಟಮಟ್ಟದ ಗೆರೆ ಹಿಡಿದು ಎಂಟು ಬಿದಿರು ಗೂಟ ನೆಟ್ಟು, ತುದಿಗೆ ಬಿಳಿ ಬಟ್ಟೆ ಕಟ್ಟಿಸಿದೆ. ಗೂಟ ದಾಟಕೂಡದು ಎಂದು ತಮ್ಮನ ಕೈಲಿ ಮಾತು ತೆಗೆದುಕೊಂಡೆ. ಮಕ್ಕಳಿಗೆ ಒಣಗಿದ ಸೋರೆಬುರುಡೆ ತರಿಸಿ, ಒಂದೊಂದು ಮಗುವಿನ ಬೆನ್ನಿಗೆ ಎರಡೆರಡು ಬುರುಡೆ ಕಟ್ಟುವುದನ್ನು ತೋರಿಸಿಕೊಟ್ಟೆ. ಮಕ್ಕಳು ಇಬ್ಬರು, ಬುರುಡೆ ನಾಲ್ಕು. ತಮ್ಮನಿಗೆ ಈಜು ಬರುತ್ತಿತ್ತು. ಅವಳಿಗೆ ಬರುತ್ತದೆಯೇ ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಮಗುವಿನ ಕೈಲೇ ಕೇಳಬೇಕಿತ್ತು.

ಐದಾರು ಭಾನುವಾರ ಎಲ್ಲ ಸರಿಯಾಗಿ ನಡೆಯಿತು. ನಾನು ಆಗ ಹಂಗಳದ ಕಡೆ ಕ್ಯಾಂಪಿನಲ್ಲಿದ್ದೆ. ಕ್ಯಾಂಪ್ ಮುಗಿಸಿ ಚಾಮರಾಜನಗರಕ್ಕೆ ಹಿಂತಿರುಗಿದ ಮೇಲೆ, ಹೇಳಿ ಕಳಿಸದೆ ಬಂದೆ.

ನಾನು ಏರಿ ಹತ್ತಿ ನಿಂತಾಗ ಅವರು ಗೂಟಗಳ ಒಳಗೇ ಇದ್ದರು. ಮಗಳು ಮೊದಲು ಕಂಡು ಏನೋ ಕೂಗಿದಳು. ದೊಡ್ಡಪ್ಪ ಅಂದಳೋ, ಬೇರೇನು ಅಂದಳೋ ಕೇಳಿಸಲಿಲ್ಲ. ತಮ್ಮ ಹುಟ್ಟು ತಿರುಗಿಸಿ ನನ್ನ ಕಡೆ ಬರತೊಡಗಿದ. ಮೂರನೆಯ ಗೂಟಕ್ಕೂ ನಾಲ್ಕನೆಯ ಗೂಟಕ್ಕೂ ನಡುವೆ ದಾಟಿದ. ಅದು ನನಗೆ ಕಂಡಿತು. ನಾನು ಬೇಡ ಅನ್ನಲಿಲ್ಲ. ಪೊಟ್ಟಣ ಎತ್ತಿ ತೋರಿಸಿದೆ.

ತಮ್ಮ ಮುಂದೆ ಮಂಡಿಯೂರಿ ಹುಟ್ಟು ಹಾಕುತ್ತಿದ್ದ, ಮುಖ ನನ್ನ ಕಡೆ. ಉಳಿದವರು ಅವನ ಬೆನ್ನ ಹಿಂದೆ. ಅವಳು ನನಗೆ ಬೆನ್ನು ಹಾಕಿ ಕೂತಿದ್ದಳು. ಮಡಿಲಲ್ಲಿ ಗಂಡುಮಗು, ಎದುರಿಗೆ ಹುಡುಗಿ. ಹರಿಗೋಲು ಹತ್ತಿರ ಬಂದಾಗ ಅವಳು ಕತ್ತು ತಿರುಗಿಸಿದಳು. ನನ್ನನ್ನು ನೋಡಿದಳು. ಮಗುವನ್ನು ಪಕ್ಕಕ್ಕಿಟ್ಟು, ಸೆರಗು ತಲೆಗೆಳೆದುಕೊಂಡು ಎದ್ದಳು. ಮನೆಯ ಪಡಸಾಲೆಯಲ್ಲಿ ಎದ್ದ ಹಾಗೇ ಎದ್ದಳು. ತಾನು ಎಲ್ಲಿದ್ದೇನೆ ಎಂದು ನೋಡಿಕೊಳ್ಳುವಷ್ಟೂ ಹೊತ್ತು ಅದಕ್ಕೆ ಬೇಕಾಗಿರಲಿಲ್ಲ.

ಪೂರ್ತಿ ಎದ್ದಿರಲಿಲ್ಲ. ಒಂದು ಮಾತಿಗೆ ಸಮಯವಿತ್ತು. "ಕೂತ್ಕೊ" ಎಂದರೆ ಸಾಕಿತ್ತು. ನನ್ನ ಬಾಯಲ್ಲಿ ಅದು ಬರಲಿಲ್ಲ. ಬಂದದ್ದು ಇದು:

"ಏಳು ಕೂಸೇ! ಕೂತ್ಕಳಕ್ಕೆ ಏಳು ನಿಮ್ಮವ್ವಂಗೆ!"

ಹೇಳು ಎಂದಲ್ಲ. ಏಳು ಎಂದೆ. ಊರಿನ ನಾಲಿಗೆ ಬಂತು. ಮಗು ಮೊದಲ ಮಾತು ಕೇಳಿದ ತಕ್ಷಣ ಎದ್ದು ನಿಂತು ತಾಯಿಯ ಕಡೆ ಒಂದು ಹೆಜ್ಜೆ ಇಟ್ಟಿತು. ಏಳು ಅಂದೆನೆಂದು ಎದ್ದಿತೋ, ಎಂದಿನಂತೆ ಮಾತು ಒಯ್ಯಲು ಎದ್ದಿತೋ, ಅದು ಆ ಮಗುವಿಗೂ ಗೊತ್ತಿರಲಾರದು. ಎರಡರಲ್ಲಿ ಯಾವುದಾದರೂ ನಾನು ಹೇಳಿದ್ದನ್ನೇ ಮಾಡಿತು. ಇಬ್ಬರೂ ಒಂದೇ ಕಡೆಯಾದರು. ಹರಿಗೋಲಿನ ಅಂಚು ನೀರಿನೊಳಗೆ ಇಳಿಯಿತು. ಸದ್ದೇನೂ ಆಗಲಿಲ್ಲ.

ಬುರುಡೆಗಳು ಇಬ್ಬರು ಮಕ್ಕಳನ್ನೂ ಮೇಲೆತ್ತಿದವು. ನಾನು ತೋರಿಸಿಕೊಟ್ಟ ಗಂಟುಗಳು ಬಿಚ್ಚಿರಲಿಲ್ಲ. ತಮ್ಮ ಇಬ್ಬರನ್ನೂ ಹಿಡಿದುಕೊಂಡು ಏರಿಗೆ ತಂದ. ನಾನು ಎದೆಮಟ್ಟ ನೀರಿಗೆ ಇಳಿದು ನಿಂತೆ. ನನಗೆ ಈಜು ಬಾರದು. ಆಚೆ ಎತ್ತುಗಳ ಮೈ ತೊಳೆಯುತ್ತಿದ್ದ ರೈತನೊಬ್ಬ ಧುಮುಕಿದ. ತಮ್ಮನೂ ಮತ್ತೆ ಧುಮುಕಿದ. ಅವಳನ್ನು ತಂದದ್ದು ಅರ್ಧ ಗಂಟೆಯ ಮೇಲೆ. ತೂಬಿನ ಸೆಳೆತಕ್ಕೆ ಹೋಗಿ ಸೀರೆ ನೀರಿನೊಳಗಿನ ಕಲ್ಲಿಗೆ ಸಿಕ್ಕಿಕೊಂಡಿತ್ತು. ಪೊಟ್ಟಣ ನನ್ನ ಕೈಯಲ್ಲೇ ಇತ್ತು ಎಂಬುದು ಯಾರೋ ಅದನ್ನು ತೆಗೆದುಕೊಂಡಾಗ ತಿಳಿಯಿತು.

ವಿಚಾರಣೆಗೆ ಬಂದವರು "ಹರಿಗೋಲು ಹಳೇದಾ?" ಎಂದು ಕೇಳಿದರು. "ಹೌದು, ಹಳೇದು" ಅಂದೆ. ಅದು ನಿಜವೇ. ಬರೆದುಕೊಂಡು ಹೋದರು.

ಮೂರನೆಯ ದಿನ ಅಳತೆಯ ಸರಪಳಿ ತೆಗೆದುಕೊಂಡು ಏರಿಗೆ ಹೋದೆ. ಹರಿಗೋಲು ಮಗುಚಿದ ಜಾಗವನ್ನು ಆ ರೈತ ತೋರಿಸಿದ. ನಾನು ನಿಂತಿದ್ದ ಜಾಗದಿಂದ ಅಲ್ಲಿಗೆ ಅರ್ಧ ಸರಪಳಿ, ಮೂವತ್ತಮೂರು ಅಡಿ. ಅಷ್ಟು ದೂರಕ್ಕೆ ಕೂಗುವುದೂ ಬೇಕಿರಲಿಲ್ಲ. ದಡದಲ್ಲಿ ಬಿದ್ದಿದ್ದ ಹರಿಗೋಲನ್ನು ಒರೆಸಿ ಒಣಗಿಸಿ, ಬೂದಿ ಉದುರಿಸಿ, ಕಲ್ಲು ಹೇರಿ, ಎದುರು ದಡದ ಕಡೆ ನೀರಿಗೆ ಬಿಟ್ಟು ಒಂದು ಗಂಟೆ ನೋಡಿದೆ. ಬೂದಿ ಒಣಗಿಯೇ ಇತ್ತು. ಮರುದಿನ ಊರಿನವರು ಅದನ್ನು ಕೊಡಲಿಯಿಂದ ಒಡೆದು ಸುಟ್ಟರು. ನಾನು ಬೇಡ ಅನ್ನಲಿಲ್ಲ.

ತಿಥಿಯ ದಿನ ಅಂಬಿಗ ಅಷ್ಟು ದೂರದಿಂದ ಬಂದ. ಒಳಗೆ ಬರಲಿಲ್ಲ. ಜಗಲಿಯ ಕೆಳಗೆ ನಿಂತು, "ನಮ್ಮೂರ್ ಎಣ್ಮಗಳು ಸಾಮಿ. ನನ್ ಅರಿಗೋಲು ಸೋರ್ತಾ? ಅದೊಂದ ಏಳ್ಬುಡಿ, ಓಯ್ತೀನಿ" ಅಂದ.

"ಈಗ ಅದೆಲ್ಲ ಯಾಕೆ" ಅಂದೆ. ಅವನು ಹೊರಟುಹೋದ. ಸತ್ತು ಬಹಳ ವರ್ಷವಾಯಿತು. ಸೋರಲಿಲ್ಲ ಎಂದು ಇಲ್ಲಿ ಬರೆದಿದ್ದೇನೆ.

ತಮ್ಮ ಆಮೇಲೆ ಮೂವತ್ತು ವರ್ಷ ಬದುಕಿದ. ಅವಳು ಎದ್ದದ್ದನ್ನು ಅವನು ನೋಡಿರಲಿಲ್ಲ, ಬೆನ್ನು ಆ ಕಡೆ ಇತ್ತು. ನನ್ನ ಕೂಗು ಅವನ ಕಿವಿಗೆ ಬಿದ್ದಿತ್ತು. ಅದರ ಬಗ್ಗೆ ಒಂದು ದಿನವೂ ಕೇಳಲಿಲ್ಲ. ಆದರೆ ಮಗಳು "ಏಳ್ತೀನಿ" ಅಂದಾಗ ತಿದ್ದುವುದನ್ನು ಬಿಟ್ಟುಬಿಟ್ಟ. ಅವಳು ಈಗಲೂ ಹಾಗೇ ಅನ್ನುತ್ತಾಳೆ.

ಅಲ್ಲಿ ಇದ್ದವರಲ್ಲಿ ನನ್ನನ್ನು ಬಿಟ್ಟರೆ ಈಗ ಮೂವರು ಬದುಕಿದ್ದಾರೆ. ಎತ್ತು ತೊಳೆಯುತ್ತಿದ್ದ ರೈತ ತೆರಕಣಾಂಬಿಯಲ್ಲೇ ಇದ್ದಾನೆ, ಕಿವಿ ಕೇಳಿಸುವುದಿಲ್ಲ. ಇಬ್ಬರೂ ನಿಂತದ್ದನ್ನು ಅವನು ಕಂಡಿದ್ದಾನೆ, ಯಾರು ಮೊದಲು ಎಂದು ಸನ್ನೆಯಲ್ಲಿ ಕೇಳಿದರೆ ತಾಯಿ ಎಂದು ಕೈಯಲ್ಲೇ ತೋರಿಸುತ್ತಾನೆ. ತಮ್ಮನ ಮಗ ಚಾಮರಾಜನಗರದಲ್ಲಿದ್ದಾನೆ. ಆಗ ಮೂರು ವರ್ಷದವನು, ಬುರುಡೆ ತಲೆಗೆ ತಗುಲುತ್ತಿದ್ದದ್ದು ಮಾತ್ರ ನೆನಪಿದೆ ಅನ್ನುತ್ತಾನೆ. ಮೂರನೆಯವಳು ಗುಂಡ್ಲುಪೇಟೆಯಲ್ಲಿರುವ ತಮ್ಮನ ಮಗಳು, ನಾನು ಏಳು ಅಂದದ್ದಕ್ಕೆ ಎದ್ದವಳು.